ಶಾಲೆಯೇ ಮತಗಟ್ಟೆ, ಮಕ್ಕಳಿಗೆ ಮಾತ್ರ ರಜೆ

ಕರ್ನಾಟಕದಲ್ಲಿ ಮತದಾನ ನಡೆಯುವುದು ಬಹುಪಾಲು ಸರ್ಕಾರಿ ಶಾಲೆಗಳಲ್ಲಿ. ಹಿಂದಿನ ದಿನವೇ ತರಗತಿಯ ಬಾಗಿಲಿಗೆ ಮತಗಟ್ಟೆಯ ಸಂಖ್ಯೆ ಬರೆದ ಹಾಳೆ ಅಂಟುತ್ತದೆ. ಬೆಂಚುಗಳು ಮೂಲೆ ಸೇರುತ್ತವೆ. ಕರಿಹಲಗೆಯ ಪಕ್ಕ ರಟ್ಟಿನ ಮರೆಯಲ್ಲಿ ಯಂತ್ರ ಕೂರುತ್ತದೆ. ಮತಗಟ್ಟೆಯ ಅಧ್ಯಕ್ಷಾಧಿಕಾರಿ ಇನ್ನೊಂದು ಊರಿನ ಹೈಸ್ಕೂಲು ಮೇಷ್ಟ್ರು. ಅದಕ್ಕೂ ಮೊದಲು ಮನೆಮನೆಗೆ ಚೀಟಿ ಹಂಚಿದ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಪ್ರಾಥಮಿಕ ಶಾಲೆಯ ಶಿಕ್ಷಕಿ, ಇಲ್ಲವೇ ಅಂಗನವಾಡಿ ಕಾರ್ಯಕರ್ತೆ. ಶಿಕ್ಷಕರಿಗೆ ಪಾಠದಾಚೆಯ ಕೆಲಸ ಹಚ್ಚಬಾರದು ಎನ್ನುವ ಶಿಕ್ಷಣ ಹಕ್ಕು ಕಾಯ್ದೆ ಕೂಡ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗೆ ವಿನಾಯಿತಿ ಕೊಟ್ಟಿದೆ. ಕಟ್ಟಡ, ಬೆಂಚು, ಮೇಷ್ಟ್ರು ಎಲ್ಲವೂ ಚುನಾವಣೆಗೆ ಸಲ್ಲುತ್ತವೆ. ಮಕ್ಕಳಿಗೆ ರಜೆ.

ಆ ಮಕ್ಕಳಿಗೆ ಒಂದು ಕೆಲಸ ವಹಿಸಬಹುದೇ, ಅದನ್ನು ಅವರೇ ಮುಂದೆ ನಿಂತು ನಡೆಸಬಲ್ಲರೇ, ನಡೆಸಿದರೆ ಮತದಾನದ ಪ್ರಮಾಣ ನಿಜಕ್ಕೂ ಏರುತ್ತದೆಯೇ ಎಂಬ ಪ್ರಶ್ನೆಯ ಸುತ್ತ ಚುನಾವಣಾ ಆಯೋಗ ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಓಡಾಡುತ್ತಿದೆ. 2009ರಲ್ಲಿ ಮತದಾರರ ಜಾಗೃತಿಗೆಂದು ಸ್ವೀಪ್ ಕಾರ್ಯಕ್ರಮ ಶುರುವಾಯಿತು. ಆಯೋಗ ಸ್ಥಾಪನೆಯಾದ ಜನವರಿ 25ನ್ನು 2011ರಿಂದ ರಾಷ್ಟ್ರೀಯ ಮತದಾರರ ದಿನವಾಗಿ ಆಚರಿಸತೊಡಗಿದರು. 2018ರಲ್ಲಿ ಅದೇ ದಿನ ಮತದಾರರ ಸಾಕ್ಷರತಾ ಸಂಘಗಳು ಬಂದವು: ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ 'ಭಾವಿ ಮತದಾರ'ರಿಗೆ ಒಂದು, ಕಾಲೇಜಿಗೆ ಒಂದು, ಶಾಲೆಯ ಹೊರಗಿರುವವರಿಗೆ ಇನ್ನೊಂದು. ಕಾಗದದ ಮೇಲೆ ಇದು ವಿದ್ಯಾರ್ಥಿಗಳದೇ ಸಂಘ. ತರಗತಿ ಪ್ರತಿನಿಧಿಗಳ ಸಮಿತಿ, ಸಂಚಾಲಕ, ನೋಡಲ್ ಶಿಕ್ಷಕರು, ಅಣಕು ಮತದಾನ, ಆಟಗಳು, ಎಲ್ಲ ಇವೆ.

ನೆಲದ ಮೇಲೆ ನಮಗೆ ಹೆಚ್ಚಾಗಿ ಕಾಣುವುದು ಜಾಥಾ. ಜಿಲ್ಲಾ ಸ್ವೀಪ್ ಸಮಿತಿಯಿಂದ, ಎಂದರೆ ಜಿಲ್ಲಾ ಪಂಚಾಯಿತಿ ಸಿಇಒ ಕಚೇರಿಯಿಂದ, ಸೂಚನೆ ಹೊರಡುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅದನ್ನು ಸುತ್ತೋಲೆ ಮಾಡುತ್ತಾರೆ. ಮುಖ್ಯ ಶಿಕ್ಷಕರು ಒಂದು ಬೆಳಿಗ್ಗೆ ಎಂಟು-ಒಂಬತ್ತನೆಯವರನ್ನು ಸಾಲುಗಟ್ಟಿಸಿ ಬ್ಯಾನರ್ ಹಿಡಿಸಿ ಬಸ್‌ಸ್ಟ್ಯಾಂಡಿನವರೆಗೆ ನಡೆಸುತ್ತಾರೆ. ಘೋಷಣೆ, ಪ್ರತಿಜ್ಞೆ, ರಂಗೋಲಿ ಸ್ಪರ್ಧೆ, ಫೋಟೊ. ಫೋಟೊ ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬೇಕು, ಇಲ್ಲವಾದರೆ ನಡೆದಂತೆ ಲೆಕ್ಕವಿಲ್ಲ. ಇದನ್ನು ಹಂಗಿಸುವುದು ಸುಲಭ. ಜಾಥಾದಲ್ಲಿ ನಡೆದ ಮಗುವಿಗೆ ಚುನಾವಣೆ ಬರುತ್ತಿದೆ ಎಂಬುದಾದರೂ ತಲೆಯಲ್ಲಿ ಉಳಿಯುತ್ತದೆ, ಅಷ್ಟು ಲಾಭ ಇದ್ದೇ ಇದೆ. ಆದರೆ ರಸ್ತೆಬದಿ ನಿಂತು ನೋಡಿದವರಲ್ಲಿ ಯಾರು ಮತ ಹಾಕುವವರು, ಯಾರು ಹಾಕದವರು, ಹಾಕದವರು ಏಕೆ ಹಾಕುವುದಿಲ್ಲ ಎಂಬುದು ಜಾಥಾಕ್ಕೆ ಗೊತ್ತಿರುವುದಿಲ್ಲ.

ಆ 'ಏಕೆ' ಊರಿನಿಂದ ಊರಿಗೆ ಬೇರೆ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ 70ರ ಆಸುಪಾಸಿನಲ್ಲಿತ್ತು. ಮಂಡ್ಯದಲ್ಲಿ ಶೇ 81 ದಾಟಿತು. ಬೆಂಗಳೂರಿನ ಕೇಂದ್ರ, ಉತ್ತರ, ದಕ್ಷಿಣ ಕ್ಷೇತ್ರಗಳು ಶೇ 53ರಿಂದ 55ರ ನಡುವೆ ನಿಂತವು. ಕಲಬುರಗಿ, ರಾಯಚೂರುಗಳು ಶೇ 60ರಿಂದ 65ರ ನಡುವೆ. ಮಂಡ್ಯ ಜಿಲ್ಲೆಯ ಮದ್ದೂರಿನ ಹಳ್ಳಿಯೊಂದರಲ್ಲಿ 'ತಪ್ಪದೇ ಮತ ಹಾಕಿ' ಎಂದು ಮಕ್ಕಳು ಕೂಗಿದರೆ ಜನ ನಗುತ್ತಾರೆ. ಅಲ್ಲಿ ಮತ ಹಾಕದವನ ಹೆಸರು ಸಂಜೆಗೆ ಊರಿಗೆಲ್ಲ ಗೊತ್ತಿರುತ್ತದೆ. ಯಾದಗಿರಿಯ ತಾಂಡಾದಲ್ಲಿ ಅಪ್ಪ-ಅಮ್ಮ ದುಡಿಯಲು ಬೆಂಗಳೂರಿಗೋ ಮುಂಬೈಗೋ ಹೋಗಿದ್ದು, ಮಗ ಅಜ್ಜಿಯ ಹತ್ತಿರವೋ ಹಾಸ್ಟೆಲಿನಲ್ಲೋ ಇದ್ದಾನೆ. ಅವರು ಬರಬೇಕಾದರೆ ಎರಡು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತವೆ. ಬೆಂಗಳೂರಿನ ಕಥೆಯೇ ಬೇರೆ. ವಾರಾಂತ್ಯಕ್ಕೆ ರಜೆ ಅಂಟಿಕೊಂಡರೆ ನಗರ ಖಾಲಿಯಾಗುತ್ತದೆ ಎಂದೇ 2023ರ ವಿಧಾನಸಭಾ ಮತದಾನವನ್ನು ಆಯೋಗ ಬುಧವಾರಕ್ಕೆ ಇಟ್ಟಿತು. 2024ರಲ್ಲಿ ಅದು ಮತ್ತೆ ಶುಕ್ರವಾರ ಬಂತು. ಇದರ ಜೊತೆಗೆ ಬೆಂಗಳೂರಿನ ಪಟ್ಟಿಯೇ ಊದಿಕೊಂಡಿದೆ. ಮನೆ ಬದಲಿಸಿದವರ ಹೆಸರು ಹಳೆಯ ಬಡಾವಣೆಯಲ್ಲೂ ಇದೆ, ಹೊಸದರಲ್ಲೂ ಇದೆ. ತೀರಿಕೊಂಡವರ ಹೆಸರು ತೆಗೆದಿಲ್ಲ. ಇಲ್ಲದವರನ್ನೂ ಸೇರಿಸಿ ಭಾಗಿಸಿದರೆ ಶೇಕಡಾವಾರು ಇಳಿಯುತ್ತದೆ. ನಗರದ ಜನ ಸೋಮಾರಿಗಳು ಎಂಬ ವಾರ್ಷಿಕ ಬೈಗುಳದಲ್ಲಿ ಎಷ್ಟು ಭಾಗ ಸೋಮಾರಿತನಕ್ಕೆ, ಎಷ್ಟು ಕೆಟ್ಟ ಪಟ್ಟಿಗೆ ಸಲ್ಲಬೇಕು ಎಂದು ಬಿಡಿಸಿ ನೋಡುವವರು ಕಡಿಮೆ.

ಎಲ್ಲೆಡೆಯೂ ಸಾಮಾನ್ಯವಾದ ಒಂದು ತೊಡಕು ಹೊಸ ಮತದಾರರದು. 61ನೇ ಸಂವಿಧಾನ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದು ಮೂರೂವರೆ ದಶಕ ಕಳೆದಿದೆ. ಆದರೂ 2024ರ ಚುನಾವಣೆಗೆ ಮುನ್ನ ದೇಶದಲ್ಲಿ ಪಟ್ಟಿ ಸೇರಿದ್ದ 18-19ರ ವಯಸ್ಸಿನವರು ಸುಮಾರು 1.8 ಕೋಟಿ. ಆ ವಯಸ್ಸಿನವರ ಅಂದಾಜು ಜನಸಂಖ್ಯೆಗೆ ಹೋಲಿಸಿದರೆ ಇದು ಶೇ 40ಕ್ಕಿಂತ ಕಡಿಮೆ. ಹತ್ತರಲ್ಲಿ ಆರು ಮಂದಿಗೆ ಮತಗಟ್ಟೆಯವರೆಗೆ ಹೋಗುವ ಪ್ರಶ್ನೆಯೇ ಇಲ್ಲ, ಹೆಸರೇ ಇಲ್ಲ. 'ಎದ್ದು ಬಂದು ಮತ ಹಾಕಿ' ಎಂದು ಇವರಿಗೆ ಬೋಧಿಸಿ ಏನು ಬಂತು?

ಹೊರದೇಶದ ಅನುಭವ ತರುವ ಮುನ್ನ ಒಂದು ವ್ಯತ್ಯಾಸ ಹೇಳಬೇಕು. ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಹನ್ನೆರಡನೇ ತರಗತಿಯವರೆಗೆ, ಕೊನೆಯ ವರ್ಷದ ಎಷ್ಟೋ ಮಂದಿಗೆ 18 ತುಂಬಿರುತ್ತದೆ. ಅಲ್ಲಿ ವಿದ್ಯಾರ್ಥಿ ಮುಂದಾಳು ಪಕ್ಕದ ಬೆಂಚಿನವನನ್ನೇ ನೋಂದಾಯಿಸಬಹುದು. ನಮ್ಮ ಹೈಸ್ಕೂಲು ಎಸ್ಸೆಸ್ಸೆಲ್ಸಿಗೆ ಮುಗಿಯುತ್ತದೆ, ಮಕ್ಕಳು ಹದಿನೈದು-ಹದಿನಾರರವರು. ಅವರು ಮಾಡಬಹುದಾದುದೆಲ್ಲ ಇನ್ನೊಬ್ಬರ ಮತಕ್ಕಾಗಿ. ತಮ್ಮ ಮತದ ಮಾತು ಪಿಯುಸಿಯಲ್ಲಿ. ಒಂದೇ ಕಾರ್ಯಕ್ರಮವನ್ನು ಎರಡೂ ಕಡೆ ಹಚ್ಚಿದರೆ ಎರಡೂ ಕಡೆ ಸಡಿಲವಾಗುತ್ತದೆ.

ಮಕ್ಕಳಿಂದ ಹಿರಿಯರಿಗೆ ರಾಜಕೀಯ ಹರಿಯುತ್ತದೆಯೇ? ಇದಕ್ಕೆ ಹೆಸರಾದ ಪ್ರಯೋಗ ಅಮೆರಿಕದ 'ಕಿಡ್ಸ್ ವೋಟಿಂಗ್'. 1980ರ ದಶಕದ ಕೊನೆಯಲ್ಲಿ ಅರಿಜೋನಾದ ಮೂವರು ಮೀನು ಹಿಡಿಯಲೆಂದು ಕೋಸ್ಟರಿಕಕ್ಕೆ ಹೋದವರು ಅಲ್ಲಿ ಮಕ್ಕಳು ಹೆತ್ತವರ ಜೊತೆ ಮತಗಟ್ಟೆಗೆ ಹೋಗುವುದನ್ನು ಕೇಳಿ ಬಂದು, ತಮ್ಮೂರಿನಲ್ಲಿ ಮಕ್ಕಳಿಗೂ ಅಣಕು ಮತಪತ್ರ ಕೊಡುವ ಏರ್ಪಾಡು ಮಾಡಿದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮೈಕೆಲ್ ಮೆಕ್‌ಡೆವಿಟ್ ಮತ್ತು ಸ್ಟೀವನ್ ಚಾಫಿ ಇದನ್ನು ಅಧ್ಯಯನ ಮಾಡಿದಾಗ, ಶಾಲೆಯಲ್ಲಿ ಎದ್ದ ಮಾತು ಮನೆಗೆ ಹೋಗಿ ಹೆತ್ತವರನ್ನೂ ಸುದ್ದಿಯತ್ತ ತಿರುಗಿಸಿದ್ದು ಕಂಡಿತು. ಅದೂ ಕಡಿಮೆ ಆದಾಯದ ಮನೆಗಳಲ್ಲಿ ಹೆಚ್ಚು. ಡೇವಿಡ್ ನಿಕರ್‌ಸನ್ ಡೆನ್ವರ್ ಮತ್ತು ಮಿನಿಯಾಪೊಲಿಸ್‌ನಲ್ಲಿ ಇನ್ನೂ ಬಿಗಿಯಾದ ಪ್ರಯೋಗ ನಡೆಸಿದರು. ಇಬ್ಬರು ಮತದಾರರಿರುವ ಮನೆಗಳ ಬಾಗಿಲು ತೆರೆದವರಲ್ಲಿ ಕೆಲವರಿಗೆ ಮತ ಹಾಕಿ ಎಂದೂ, ಇನ್ನು ಕೆಲವರಿಗೆ ಕಸ ಮರುಬಳಕೆ ಮಾಡಿ ಎಂದೂ ಹೇಳಿಸಿದರು. ಮತದ ಮಾತು ಕೇಳಿದವರ ಮೇಲೆ ಆದ ಪರಿಣಾಮದಲ್ಲಿ ಸುಮಾರು ಶೇ 60ರಷ್ಟು, ಬಾಗಿಲಿಗೆ ಬರದೇ ಒಳಗಿದ್ದ ಇನ್ನೊಬ್ಬರಿಗೂ ದಾಟಿತ್ತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಐದಾರು ಮಂದಿಯ ನಮ್ಮ ಮನೆಗಳಿಗೆ ಹಾಗೇ ಹೊಂದಿಸಲಾಗದು. ಒಂದೇ ಟ್ರ್ಯಾಕ್ಟರಿನಲ್ಲಿ ಮತಗಟ್ಟೆಗೆ ಹೋಗುವ ಮನೆಮಂದಿಯನ್ನು ಕಂಡವರಿಗೆ ಇದರ ದಿಕ್ಕು ಮಾತ್ರ ಹೊಸದೆನಿಸದು.

ಇನ್ನೊಂದು ಫಲಿತಾಂಶ 'ವಿದ್ಯಾರ್ಥಿಗಳೇ ನಡೆಸಬೇಕು' ಎನ್ನುವವರಿಗೆ ತುಸು ಕಹಿ. ಎಲಿಜಬೆತ್ ಬೆನಿಯನ್ ಮತ್ತು ಇದೇ ನಿಕರ್‌ಸನ್ ಅಮೆರಿಕದ ಕಾಲೇಜುಗಳಲ್ಲಿ ನೋಂದಣಿಯ ವಿಧಾನಗಳನ್ನು ಪರೀಕ್ಷಿಸಿದರು. ಇಮೇಲ್ ಕಳಿಸಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ತರಗತಿಗೇ ಹೋಗಿ, ಅರ್ಜಿ ಕೈಗೆ ಕೊಟ್ಟು, ಅಲ್ಲೇ ತುಂಬಿಸಿಕೊಂಡಾಗ ನೋಂದಣಿ ಸುಮಾರು 6 ಶೇಕಡಾ ಅಂಶ, ಮತದಾನ ಎರಡೂವರೆ ಅಂಶದಷ್ಟು ಏರಿತು. ಮುಂದೆ ನಿಂತು ಹೇಳಿದ್ದು ಅಧ್ಯಾಪಕರೋ ಸಹಪಾಠಿಯೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅರ್ಜಿ, ಪೆನ್ನು, ಒಂದಿಷ್ಟು ಹೊತ್ತು ಒಂದೇ ಜಾಗದಲ್ಲಿ ಕೂಡಿದ್ದೇ ಕೆಲಸ ಮಾಡಿತು. ಜಾನ್ ಹಾಲ್ಬೀನ್ ಮತ್ತು ಸನ್‌ಶೈನ್ ಹಿಲಿಗಸ್ 2020ರ ತಮ್ಮ ಪುಸ್ತಕದಲ್ಲಿ ಹೇಳುವುದೂ ಹತ್ತಿರದ ಮಾತೇ. ಯುವಕರಿಗೆ ರಾಜಕೀಯದಲ್ಲಿ ಆಸಕ್ತಿ ಇದೆ, ಮತ ಹಾಕುವ ಮನಸ್ಸೂ ಇದೆ. ಮನಸ್ಸಿನಿಂದ ಮತಗಟ್ಟೆಯವರೆಗಿನ ಸಣ್ಣಸಣ್ಣ ಅಡಚಣೆಗಳನ್ನು ದಾಟಿ ಹಿಡಿದ ಕೆಲಸ ಮುಗಿಸುವ ಅಭ್ಯಾಸ ಇಲ್ಲ. ಪೌರನೀತಿಯ ಪಾಠ ಬಾಯಿಪಾಠ ಮಾಡಿಸಿದರೆ ಆ ಅಭ್ಯಾಸ ಬರುವುದಿಲ್ಲ.

ಹಾಗಾದರೆ ವಿದ್ಯಾರ್ಥಿ ಮುಂದಾಳತ್ವ ಏಕೆ ಬೇಕು? ನನ್ನ ಉತ್ತರ ಸರಳ: ವೇದಿಕೆಯ ಮಾತಿಗೆ ಬೇಡ, ಬೆನ್ನುಹತ್ತುವ ಕೆಲಸಕ್ಕೆ ಬೇಕು. ಅರ್ಜಿ ಹಾಕಿದ ಅಕ್ಕನ ಹೆಸರು ಪಟ್ಟಿಗೆ ಬಂತೇ ಎಂದು ಮೂರು ತಿಂಗಳ ಮೇಲೆ ಕೇಳುವ ಪುರಸೊತ್ತು ಒಬ್ಬ ಮೇಷ್ಟ್ರಿಗಿಲ್ಲ, ಬಿಎಲ್‌ಒಗೂ ಇಲ್ಲ. ಅದೇ ಮನೆಯಲ್ಲಿ ಉಣ್ಣುವ ತಂಗಿಗೆ ಇದೆ.

ಇಂಥ ಮುಂದಾಳತ್ವ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಎದುರಿಸುವ ಪ್ರಶ್ನೆಗಳು ಬೇರೆಯವು. ಸುತ್ತೋಲೆ ಇದೆಯೇ? ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಏನೆನ್ನುತ್ತಾರೆ? ಹತ್ತನೆಯವರನ್ನು ಮುಟ್ಟುವಂತಿಲ್ಲ, ರಿಸಲ್ಟ್ ಇಳಿದರೆ ಯಾರು ಹೊಣೆ? ಇವನ್ನು ಅಂಜುಬುರುಕರ ಮಾತೆಂದು ತಳ್ಳಿಹಾಕುವಂತಿಲ್ಲ. ಪ್ರಚಾರದಲ್ಲಿ ಮಕ್ಕಳನ್ನು ಯಾವ ರೀತಿಯಲ್ಲೂ ಬಳಸಕೂಡದು ಎಂದು ಆಯೋಗ 2024ರ ಫೆಬ್ರುವರಿಯಲ್ಲಿ ಕಟ್ಟುನಿಟ್ಟಾಗಿ ಹೇಳಿತು. ಪಕ್ಷದ ಪ್ರಚಾರಕ್ಕೂ ಮತದಾರರ ಜಾಗೃತಿಗೂ ನಡುವಿನ ಗೆರೆ ಆಯೋಗಕ್ಕೆ ಸ್ಪಷ್ಟ. ಊರಿನಲ್ಲಿ ಅಷ್ಟು ಸ್ಪಷ್ಟವಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ, ಆದರೆ ನಿಂತವರು ಯಾರದೋ ದೊಡ್ಡಪ್ಪ, ಯಾರದೋ ಅತ್ತೆ. ಒಂಬತ್ತನೇ ತರಗತಿಯ ಹುಡುಗ ಪಕ್ಕದ ಬೀದಿಗೆ ಹೋಗಿ 'ಮತ ಹಾಕಿ' ಎಂದರೆ, ಯಾರಿಗೆ ಎಂಬುದನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ.

ಕಾನೂನಿನ ಬಲವಿದ್ದರೆ ಸಾಕೇ? ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಪ್ರತಿ ಹೈಸ್ಕೂಲು ಪ್ರಾಂಶುಪಾಲರು ವರ್ಷಕ್ಕೆರಡು ಸಲ ಅರ್ಹ ವಿದ್ಯಾರ್ಥಿಗಳಿಗೆ ನೋಂದಣಿ ಅರ್ಜಿ ಕೊಡಲೇಬೇಕೆಂಬ ನಿಯಮ ದಶಕಗಳಿಂದ ಇದೆ. ಎಷ್ಟೋ ಶಾಲೆಗಳು ಅರ್ಜಿಯನ್ನೇ ತರಿಸಿಕೊಳ್ಳುವುದಿಲ್ಲ ಎಂದು ಅಲ್ಲಿನ ನಾಗರಿಕ ಹಕ್ಕು ಸಂಘಟನೆಗಳು ಮತ್ತೆ ಮತ್ತೆ ತೋರಿಸಿವೆ. ಮುಖ್ಯ ಶಿಕ್ಷಕರು ಒಪ್ಪುವುದು ಹೊರೆ ಕಡಿಮೆಯಿದ್ದಾಗ: ಹತ್ತನೆಯವರನ್ನು ಬಿಟ್ಟು ಒಂಬತ್ತನೆಯವರ ಕೈಗೆ ಕೊಡುವುದು, ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲೇ ಮುಗಿಸುವುದು, ಬಿಎಲ್‌ಒರನ್ನು ಮೊದಲ ದಿನವೇ ಶಾಲೆಗೆ ಕರೆಯುವುದು, ಅಭ್ಯರ್ಥಿ-ಪಕ್ಷದ ಹೆಸರು ಎಲ್ಲೂ ಎತ್ತದಿರುವುದು.

ಕಾಲದ ವಿಷಯ ಇದಕ್ಕಿಂತ ಮುಖ್ಯ. ನಮ್ಮ ಲೋಕಸಭೆ, ವಿಧಾನಸಭೆಗಳ ಮತದಾನ ಏಪ್ರಿಲ್-ಮೇ ತಿಂಗಳಲ್ಲಿ. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಬೇಸಿಗೆ ರಜೆ, ಮಕ್ಕಳು ಅಜ್ಜಿಯ ಊರಿನಲ್ಲಿ. ಚುನಾವಣೆ ಘೋಷಣೆಯಾದ ಮೇಲೆ ಶಾಲೆಯನ್ನು ತೊಡಗಿಸಲು ಹೊರಟವರಿಗೆ ಶಾಲೆಯೇ ಸಿಗುವುದಿಲ್ಲ. ಆದರೆ ಮತದಾರರ ಪಟ್ಟಿಯ ಪರಿಷ್ಕರಣೆ ಸಾಮಾನ್ಯವಾಗಿ ನಡೆಯುವುದು ಅಕ್ಟೋಬರ್-ನವೆಂಬರಿನಿಂದ ಜನವರಿಯವರೆಗೆ, ದಸರಾ ರಜೆ ಮುಗಿದು ಶಾಲೆ ಪೂರ್ಣ ನಡೆಯುತ್ತಿರುವ ಹೊತ್ತಿನಲ್ಲಿ. ಕರಡು ಪಟ್ಟಿ ನೋಡಲು ಸಿಗುವ ಜಾಗಗಳಲ್ಲಿ ಮತಗಟ್ಟೆಯೂ ಒಂದು, ಎಂದರೆ ಇದೇ ಶಾಲೆ. ಮಕ್ಕಳು ದಿನಾ ಹಾದುಹೋಗುವ ಕಟ್ಟಡದಲ್ಲೇ ಅವರ ಬೀದಿಯ ಹೆಸರುಗಳೆಲ್ಲ ಇರುತ್ತವೆ. ಅದನ್ನು ತೆರೆದು ಓದಿಸುವವರಿಲ್ಲ.

ಓದಿಸಿದರೆ ಏನೇನು ಸಿಗುತ್ತದೆ ಎಂದು ಒಂದು ಸಾಮಾನ್ಯ ಮನೆಯನ್ನೇ ಇಟ್ಟುಕೊಂಡು ನೋಡಬಹುದು. ಅತ್ತಿಗೆ ಮದುವೆಯಾಗಿ ಬಂದು ಎರಡು ವರ್ಷ, ಹೆಸರು ಇನ್ನೂ ತವರಿನ ಪಟ್ಟಿಯಲ್ಲಿ. ಸ್ಥಳ ಬದಲಾವಣೆಗೆ ನಮೂನೆ 8 ಹಾಕಬೇಕು. ತಾತ ತೀರಿಕೊಂಡು ವರ್ಷ ಕಳೆದಿದೆ, ಹೆಸರು ಉಳಿದಿದೆ, ತೆಗೆಸಲು ನಮೂನೆ 7. ಅಪ್ಪನ ಹೆಸರಿನಲ್ಲಿ ಅಕ್ಷರ ತಪ್ಪಿದೆ, ಅಮ್ಮನ ಫೋಟೊ ಇನ್ಯಾರದೋ. ಅಜ್ಜಿಗೆ 85 ದಾಟಿದೆ, ನಡೆಯಲಾಗದು. ಮನೆಯಿಂದಲೇ ಮತ ಹಾಕುವ ಸೌಲಭ್ಯ ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಗೆ 80 ದಾಟಿದವರಿಗೆ ಬಂತು, 2024ರಲ್ಲಿ ಆ ವಯಸ್ಸು 85ಕ್ಕೆ ಏರಿತು. ಅದಕ್ಕೆ 12ಡಿ ನಮೂನೆಯನ್ನು ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕು. ಗೊತ್ತಾಗುವಷ್ಟರಲ್ಲಿ ಗಡುವು ದಾಟಿರುತ್ತದೆ. ಪಿಯುಸಿ ಓದುವ ಅಣ್ಣನಿಗೆ ಹದಿನೇಳು. ಮೊದಲಾದರೆ ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಜನವರಿ 2ರಂದು ಹುಟ್ಟಿದವನು ಒಂದು ವರ್ಷ ಕಾಯಬೇಕಿತ್ತು. 2022ರ ಆಗಸ್ಟಿನಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳೆಂದು ನಾಲ್ಕು ಅರ್ಹತಾ ದಿನಗಳಿವೆ, ಹದಿನೇಳು ತುಂಬಿದವರು ಹೆಸರು ಸೇರಿಸುವ ನಮೂನೆ 6ನ್ನು ಮುಂಗಡವಾಗಿಯೇ ಸಲ್ಲಿಸಬಹುದು. ಈ ಒಂದು ಸುದ್ದಿ ಪಿಯು ಕಾಲೇಜಿನ ಪ್ರತಿ ಬೆಂಚಿಗೂ ಮುಟ್ಟಿದ್ದರೆ 18-19ರ ಲೆಕ್ಕ ಇಷ್ಟು ಬಡವಾಗಿರುತ್ತಿರಲಿಲ್ಲ. ಒಂದೇ ಮನೆಯಲ್ಲಿ ಐದಾರು ಕೆಲಸ, ಒಂದಕ್ಕೂ ಘೋಷಣೆ ಬೇಕಿಲ್ಲ.

ಇಲ್ಲಿ ಒಂದು ಎಚ್ಚರ ಬೇಕೇ ಬೇಕು. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಗೆಂದು ಅನುಮತಿ ಪಡೆದಿದ್ದ ಖಾಸಗಿ ಸಂಸ್ಥೆಯೊಂದು ಮನೆಮನೆಯಿಂದ ಮತದಾರರ ಮಾಹಿತಿ ಸಂಗ್ರಹಿಸಿತು ಎಂಬ ಆರೋಪ ದೊಡ್ಡ ಸುದ್ದಿಯಾಯಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯ ಸೇರ್ಪಡೆ-ಕೈಬಿಡುವಿಕೆಗಳನ್ನು ಮತ್ತೆ ಪರಿಶೀಲಿಸಲು ಆಯೋಗ ಆದೇಶಿಸಿತು. ಜಾಗೃತಿಯ ಹೆಸರಿನಲ್ಲಿ ಮಾಹಿತಿ ಕಲೆಹಾಕುವುದು ಎಷ್ಟು ಸಲೀಸು ಎಂಬುದು ಅಂದು ಗೊತ್ತಾಯಿತು. ಮಕ್ಕಳ ಕೈಯಲ್ಲಿ ಬೀದಿಯ ಪಟ್ಟಿ, ಫೋನ್ ನಂಬರು, ಆಧಾರ್ ಇರಕೂಡದು. ನನ್ನ ಮಟ್ಟಿಗೆ ನಿಯಮ ಇಷ್ಟೇ: ಪ್ರತಿ ಮಗು ತನ್ನ ಮನೆಯ ಹೆಸರುಗಳನ್ನು ಮಾತ್ರ ನೋಡಲಿ, ಬರೆದ ಹಾಳೆ ಮನೆಯಲ್ಲೇ ಉಳಿಯಲಿ. ತರಗತಿಗೆ ತರಬೇಕಾದುದು ಎರಡೇ ಅಂಕಿ, ಮನೆಯಲ್ಲಿ 18 ದಾಟಿದವರು ಎಷ್ಟು, ಅವರಲ್ಲಿ ಪಟ್ಟಿಯಲ್ಲಿರುವವರು ಎಷ್ಟು. ಸಂಘದ ಸಂಚಾಲಕಿ ಅವನ್ನು ಕೂಡಿಸಿ ಕರಿಹಲಗೆಯ ಮೇಲೆ ಬರೆಯುತ್ತಾಳೆ. ಫೆಬ್ರುವರಿಯಲ್ಲಿ ಅಂತಿಮ ಪಟ್ಟಿ ಕೈಗೆ ಬಂದ ಮೇಲೆ ಇನ್ನೊಮ್ಮೆ ಎಣಿಸಿದರೆ, ಕಾರ್ಯಕ್ರಮ ಫಲ ಕೊಟ್ಟಿತೋ ಇಲ್ಲವೋ ಎಂಬುದು ಆ ಎರಡು ಅಂಕಿಗಳಲ್ಲೇ ಇರುತ್ತದೆ. ಮೇಲಿನ ಕಚೇರಿಗೆ ಇಂದು ಹೋಗುವ ವರದಿಯಲ್ಲಿ ಎಷ್ಟು ಜಾಥಾ, ಎಷ್ಟು ಮಂದಿ ಪ್ರತಿಜ್ಞೆ ಎಂಬ ಕಾಲಂ ಇರುತ್ತದೆ. ಎಷ್ಟು ಹೆಸರು ಸೇರಿತು ಎಂಬುದಿಲ್ಲ. ಹೆತ್ತವರಿಂದ ಸಹಿ ಹಾಕಿಸಿಕೊಂಡು ಬರುವ ಸಂಕಲ್ಪ ಪತ್ರದ ಪದ್ಧತಿಯೂ ಇದೆ. ಸಹಿಯ ಕೆಳಗೆ ಭಾಗದ ಸಂಖ್ಯೆ, ಕ್ರಮಸಂಖ್ಯೆ ಬರೆದುಕೊಳ್ಳಲು ಒಂದು ಗೆರೆ ಬಿಟ್ಟು, ಪತ್ರವನ್ನು ಶಾಲೆಯ ಕಪಾಟಿನ ಬದಲು ಮನೆಯ ಗೋಡೆಗೆ ಹಚ್ಚಿಸಿದರೆ ಅದರ ಬೆಲೆ ಹೆಚ್ಚುತ್ತಿತ್ತು.

ಮತದಾನದ ದಿನಕ್ಕೂ ಮಕ್ಕಳಿಗೆ ಕೆಲಸವುಂಟು. ಸ್ಕೌಟ್ಸ್-ಗೈಡ್ಸ್, ಎನ್‌ಸಿಸಿಯವರು ಗಾಲಿಕುರ್ಚಿ ತಳ್ಳುವುದು, ಸಾಲಿನಲ್ಲಿ ನೀರು ಕೊಡುವುದು ನಮ್ಮಲ್ಲೂ ಇದೆ. ಇದು ಚೆಂದ, ಹೆಚ್ಚು ಹೇಳುವಂಥದ್ದಿಲ್ಲ.

ಹೇಳಬೇಕಾದದ್ದು ಹದಿನೆಂಟರ ಆಚೆಯದು. ಡೆನ್ಮಾರ್ಕಿನಲ್ಲಿ ಯೋಸೆಫ್ ಭಟ್ಟಿ ಮತ್ತು ಕಾಸ್ಪರ್ ಹ್ಯಾನ್ಸನ್ ಮತದಾನದ ದಾಖಲೆಗಳನ್ನೇ ತೆಗೆದು ನೋಡಿದಾಗ, ಆಗಷ್ಟೇ ಹಕ್ಕು ಪಡೆದ ಹದಿನೆಂಟರವರು ತಮಗಿಂತ ತುಸು ದೊಡ್ಡವರಿಗಿಂತ ಹೆಚ್ಚಾಗಿ ಮತ ಹಾಕುವುದು ಕಂಡಿತು. ಕಾರಣ ಮನೆ: ಹೆತ್ತವರ ಜೊತೆ ಇರುವವರೆಗೆ ಅವರ ರೂಢಿ ಇವರನ್ನೂ ಎಳೆದೊಯ್ಯುತ್ತದೆ, ಮನೆ ಬಿಟ್ಟ ಮೇಲೆ ಗೆಳೆಯರ ರೂಢಿ ಹಿಡಿಯುತ್ತದೆ. ನಮ್ಮಲ್ಲಿ ಆ ಜಾರುವಿಕೆಗೆ ಇನ್ನೊಂದು ಮೆಟ್ಟಿಲಿದೆ. ಹಾವೇರಿಯ ಹುಡುಗಿ ಪಿಯುಸಿ ಮುಗಿಸಿ ಬೆಂಗಳೂರಿನ ಪಿಜಿ ಸೇರುತ್ತಾಳೆ. ಹೆಸರು ಇದ್ದರೆ ಊರಿನಲ್ಲಿ, ಇಲ್ಲದಿದ್ದರೆ ಎಲ್ಲೂ ಇಲ್ಲ. ಹಾಸ್ಟೆಲಿನ ವಿಳಾಸದಲ್ಲೂ ವಿದ್ಯಾರ್ಥಿ ನೋಂದಾಯಿಸಿಕೊಳ್ಳಬಹುದು, ಅದಕ್ಕೆ ಕಾಲೇಜಿನ ಮುಖ್ಯಸ್ಥರ ದೃಢೀಕರಣ ಸಾಕು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಊರಿನ ಮತವೋ ಹಾಸ್ಟೆಲಿನ ಮತವೋ ಎಂಬ ಆಯ್ಕೆಯನ್ನು ಮನೆ ಬಿಡುವ ಮುನ್ನ, ಹದಿನೇಳರಲ್ಲಿ, ಪಿಯು ಕಾಲೇಜಿನಲ್ಲೇ ಮಾಡಿಸಬೇಕು. ಹೈಸ್ಕೂಲಿನ ಸಂಘ ಮನೆಯ ಹೆಸರುಗಳನ್ನು ನೋಡಿದರೆ ಪಿಯುವಿನ ಸಂಘಕ್ಕೆ ಇದೊಂದೇ ಕೆಲಸ ಸಾಕು.

ಇಷ್ಟೆಲ್ಲ ಮಾಡಿದ ಮಕ್ಕಳು ಪ್ರಶ್ನೆ ಕೇಳತೊಡಗುತ್ತಾರೆ ಎಂಬುದು ಕಾರ್ಯಕ್ರಮದ ಅಡ್ಡಪರಿಣಾಮ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳು ಆರಂಭವಾದಾಗ ಹೀಗೆಯೇ ಆಯಿತು. ಚುನಾಯಿತರಾದ ಮಕ್ಕಳು ಕಾಲುಸಂಕ, ರಸ್ತೆ, ನೀರಿನ ವಿಷಯ ಹಿಡಿದು ದೊಡ್ಡವರ ಪಂಚಾಯಿತಿಯ ಮುಂದೆ ನಿಂತರು. ಇಂದಿನ ಮಕ್ಕಳ ಗ್ರಾಮಸಭೆಗೆ ಹಿನ್ನೆಲೆ ಅದು. ಶಾಲಾ ಸಂಸತ್ತಿಗೆ ಮೊಬೈಲಿನಲ್ಲೇ ಮತಯಂತ್ರ ಮಾಡಿ ಚುನಾವಣೆ ನಡೆಸುವ ಶಾಲೆಗಳು ಈಗ ಬೇಕಾದಷ್ಟಿವೆ. ಗೆದ್ದ 'ಆರೋಗ್ಯ ಮಂತ್ರಿ'ಗೆ ಶೌಚಾಲಯಕ್ಕೆ ನೀರು ಏಕಿಲ್ಲ ಎಂದು ಕೇಳುವ ಅಧಿಕಾರ ಇದೆಯೇ ಎಂಬಲ್ಲಿ ಆ ಚುನಾವಣೆಯ ತೂಕ ತಿಳಿಯುತ್ತದೆ. ಅದೇ ಮಕ್ಕಳು ಕಾಲೇಜಿಗೆ ಹೋದರೆ ಅಲ್ಲಿ ಚುನಾವಣೆ ಇಲ್ಲ; ವಿದ್ಯಾರ್ಥಿ ಸಂಘಗಳ ಚುನಾವಣೆ ರಾಜ್ಯದಲ್ಲಿ ಮೂರು ದಶಕಕ್ಕೂ ಹಿಂದೆಯೇ ನಿಂತಿತು.

ದೊಡ್ಡವರ ಚುನಾವಣೆಯೂ ನಿಂತಿರುವ ಕಡೆ ಮೇಷ್ಟ್ರಿಗೆ ಉತ್ತರ ಇನ್ನೂ ಕಷ್ಟ. ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟಿನಲ್ಲಿ ಮತದಾನ ನಡೆಯಿತು. ಆ ಅವಧಿ 2020ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರ ನಡೆಸಿದರು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆಯೂ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಸ್ವೀಪ್ ಸಮಿತಿ ಕೂತು ಜಾಗೃತಿಯ ಯೋಜನೆ ಹಾಕುವುದು ಅದೇ ಜಿಲ್ಲಾ ಪಂಚಾಯಿತಿಯ ಕಟ್ಟಡದಲ್ಲಿ, ಚುನಾಯಿತ ಅಧ್ಯಕ್ಷರ ಕುರ್ಚಿ ಖಾಲಿಯಿದ್ದಾಗಲೂ. ಮನೆಯವರ ಹೆಸರುಗಳನ್ನೆಲ್ಲ ಸರಿಪಡಿಸಿ ಬಂದ ಒಂಬತ್ತನೇ ತರಗತಿಯ ಹುಡುಗಿ, 'ಸಾರ್, ಜಿಲ್ಲಾ ಪಂಚಾಯಿತಿಗೆ ನಮ್ಮಮ್ಮ ಯಾವಾಗ ಓಟು ಹಾಕೋದು?' ಎಂದು ಕೇಳಿದರೆ, ನೋಡಲ್ ಶಿಕ್ಷಕರಿಗೆ ಬಂದ ಯಾವ ಸುತ್ತೋಲೆಯಲ್ಲೂ ಅದಕ್ಕೆ ತಾರೀಖು ಇರುವುದಿಲ್ಲ.